ಮಾವಿನ ಹಣ್ಣುನೊಣಕ್ಕೆ ಮೋಹಕ ಬಲೆ: ಕಟ್ಟುವುದು ಯಾವಾಗ, ಹೇಗೆ

ಚನ್ನಗಿರಿ, ಹೊಳಲ್ಕೆರೆ ಕಡೆಯ ಮಾವಿನ ತೋಟಗಳಲ್ಲಿ ಹಣ್ಣು ಹೊರಗೆ ಚೆನ್ನಾಗಿ ಕಂಡು, ಕೊಯ್ದರೆ ಒಳಗೆ ಬಿಳಿ ಹುಳು ಹರಿದಾಡಿದರೆ ಅದು ಹಣ್ಣುನೊಣದ ಕೆಲಸ. ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತದೆ. ಹುಳು ಒಳಸೇರಿದ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ.

ವಾಸನೆಯಿಂದ ನೊಣವನ್ನು ಸೆಳೆದು ಕೊಲ್ಲುವ ಮೋಹಕ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಗಂಡು ಕಡಿಮೆಯಾದರೆ ಹೆಣ್ಣಿಗೆ ಜೋಡಿ ಸಿಗದು. ಆದ್ದರಿಂದ ಕೊಯ್ಲಿಗೆ ಒಂದೂವರೆ-ಎರಡು ತಿಂಗಳು ಮೊದಲೇ ಕಟ್ಟಬೇಕು. ಹಣ್ಣಾಗಲು ಶುರುವಾದ ಮೇಲೆ ಕಟ್ಟಿ "ಬಲೆ ಕೆಲಸ ಮಾಡಲಿಲ್ಲ" ಎನ್ನುವವರೇ ಹೆಚ್ಚು.

ಎರಡು ಇಂಚು ಚೌಕ, ಅರ್ಧ ಇಂಚು ದಪ್ಪದ ಪ್ಲೈವುಡ್ ತುಂಡುಗಳನ್ನು ಎಥೈಲ್ ಆಲ್ಕೋಹಾಲ್ 6, ಮೀಥೈಲ್ ಯುಜೆನಾಲ್ (ಗಂಡು ನೊಣವನ್ನು ಸೆಳೆಯುವ ದ್ರವ) 4, ಮೆಲಾಥಿಯಾನ್ (ಕೀಟನಾಶಕ) 1 ಭಾಗದ ಮಿಶ್ರಣದಲ್ಲಿ 24 ಗಂಟೆ ನೆನೆಸಿ. ಕೈಗವಸು ಹಾಕಿಕೊಳ್ಳಿ, ಬೆಂಕಿ ಹತ್ತಿರ ಬೇಡ. ಒಂದು ಲೀಟರ್ ನೀರಿನ ಬಾಟಲಿಯ ಮೇಲ್ಭಾಗದಲ್ಲಿ ಬೆರಳು ತೂರುವಷ್ಟು ನಾಲ್ಕು ತೂತು, ಮಳೆನೀರು ಇಳಿಯಲು ತಳದಲ್ಲಿ ಸಣ್ಣ ತೂತು ಮಾಡಿ ತುಂಡನ್ನು ಒಳಗೆ ತೂಗುಹಾಕಿ. ಎಕರೆಗೆ ಆರು ಬಾಟಲಿ, ನೆರಳಿನ ಕೊಂಬೆಗೆ, ಎದೆಯೆತ್ತರದಲ್ಲಿ. ಬಾಟಲಿ ಕಟ್ಟಿದ ತಂತಿಗೆ ಗ್ರೀಸ್ ಸವರದಿದ್ದರೆ ಸತ್ತ ನೊಣಗಳನ್ನು ಇರುವೆ ಹೊತ್ತೊಯ್ಯುತ್ತದೆ, ಎಷ್ಟು ಬಿದ್ದವೆಂಬ ಲೆಕ್ಕವೇ ಸಿಗದು.

ಬಲೆಗಿಂತ ಮುಖ್ಯವಾದದ್ದು ಉದುರಿದ ಹಣ್ಣು. ದಿನವೂ ಆರಿಸಿ ಎರಡಡಿ ಆಳದಲ್ಲಿ ಹೂಳಿ. ತಿಪ್ಪೆಗೆ ಎಸೆದರೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಪಕ್ಕದ ತೋಟದವರನ್ನೂ ಜೊತೆಗೆ ಸೇರಿಸಿಕೊಳ್ಳಿ, ನೊಣಕ್ಕೆ ಬದು ಗೊತ್ತಿಲ್ಲ. ಕೊಯ್ಲಾದ ಮೇಲೆ ಮರದ ಬುಡದ ಮಣ್ಣನ್ನು ಒಮ್ಮೆ ಉಳುಮೆ ಮಾಡಿ, ಕೋಶಗಳು ಬಿಸಿಲಿಗೆ ಬೀಳಲಿ.