ಪ್ರಸಂಗ ಅಳಿಸಬೇಡಿ, ಜಾಗ ನುಂಗಿದ್ದು ಯಾವುದು ನೋಡಿ

ಅಡಿಕೆ ಸುಲಿತ ಶುರುವಾದರೆ ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಮನೆಯಲ್ಲಿ ರಾತ್ರಿ ತಾಳಮದ್ದಳೆಯೂ (ವೇಷ, ಕುಣಿತ ಇಲ್ಲದೆ ಕೂತಲ್ಲೇ ಹಾಡು, ಮಾತಿನಲ್ಲಿ ನಡೆಸುವ ಯಕ್ಷಗಾನ) ಶುರು. ಪಾತ್ರದ ಮಾತಾಡುವ ಅರ್ಥಧಾರಿಗಳು ಯಾರೂ ಬರುವುದಿಲ್ಲ. ಅಜ್ಜ ಕ್ಯಾಸೆಟ್ಟಿನಲ್ಲಿ ತುಂಬಿಸಿಟ್ಟಿದ್ದನ್ನು ಭಾವ ಕಂಪ್ಯೂಟರಿಗೆ ಇಳಿಸಿದ್ದಾರೆ, ಪೆನ್‌ಡ್ರೈವಿಗೆ ಹಾಕಿ ಸ್ಪೀಕರಿನಲ್ಲಿ ಹಚ್ಚುತ್ತಾರೆ. ಈ ಸಲ ಫೋನ್ ಮಾಡಿ, "ಡಿಸ್ಕ್ ತುಂಬಿ ಕೆಂಪು ಗೆರೆ ಬಂದಿದೆ ಮಾರಾಯ, ಹಳೇ ಪ್ರಸಂಗ ಒಂದಷ್ಟು ಅಳಿಸ್ಲಾ?" ಅಂದರು. ಬೇಡವೇ ಬೇಡ ಅಂದೆ.

ಮೊದಲು ಜಾಗ ಹೋಗಿದ್ದೆಲ್ಲಿ ನೋಡಿ. ವಿಂಡೋಸ್ 10 ಅಥವಾ 11 ಆದರೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಒತ್ತಿದರೆ ಯಾವುದಕ್ಕೆಷ್ಟು ಎಂದು ತೋರಿಸುತ್ತದೆ. (500 ಜಿಬಿ ಡಿಸ್ಕ್ 465 ಎಂದು ಕಂಡರೆ ಅಂಗಡಿಯವರ ಜತೆ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.) ಆಮೇಲೆ ನಿಮ್ಮ ಹೆಸರಿನ ಫೋಲ್ಡರ್ ತೆರೆದು, ಸರ್ಚ್ ಪೆಟ್ಟಿಗೆಯಲ್ಲಿ ನಕ್ಷತ್ರದ ಗುರುತು ಒಂದನ್ನೇ ಹಾಕಿ, ಸೈಜ್ ಪ್ರಕಾರ ಜೋಡಿಸಿ. ದೊಡ್ಡ ಫೈಲುಗಳೆಲ್ಲ ಮೇಲೆ ಬರುತ್ತವೆ. ವಿಂಡೋಸ್ ಹೆಸರಿನ ಫೋಲ್ಡರಿಗೆ ಮಾತ್ರ ಕೈ ಹಾಕಬೇಡಿ.

ಭಾವನಲ್ಲಿ ಸಿಕ್ಕಿದ್ದು ಒಂದೇ ಮದುವೆಯ ವಿಡಿಯೊ, ಮೂರು ಕಡೆ. ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ಮತ್ತೆ 'ನ್ಯೂ ಫೋಲ್ಡರ್' ಅನ್ನುವ ಆ ಊರುಕೇರಿ ಇಲ್ಲದ ಜಾಗದಲ್ಲಿ. ಒಂದು ಇಟ್ಟು ಉಳಿದದ್ದನ್ನು ಅಳಿಸಿದೆವು. ರೀಸೈಕಲ್ ಬಿನ್ ಖಾಲಿ ಮಾಡುವ ತನಕ ಜಾಗ ಬರುವುದಿಲ್ಲ, ನೆನಪಿರಲಿ.

ಈಗ ಧ್ವನಿಯ ವಿಷಯ. ನಿಜವಾದ ಹೊಟ್ಟೆಬಾಕ ಇದ್ದದ್ದು ಇಲ್ಲೇ. ಭಾವ ಕ್ಯಾಸೆಟ್ ಇಳಿಸುವುದು ಆಡಾಸಿಟಿ ಅನ್ನುವ ರೆಕಾರ್ಡಿಂಗ್ ತಂತ್ರಾಂಶದಲ್ಲಿ. ಅದು ಕೆಲಸದ ಫೈಲನ್ನು 32 ಬಿಟ್‌ನಲ್ಲಿ ಇಡುತ್ತದೆ. 90 ನಿಮಿಷದ ಒಂದು ಕ್ಯಾಸೆಟ್ಟಿಗೆ ಹೆಚ್ಚುಕಡಿಮೆ 2 ಜಿಬಿ! ಅದೇ ಕ್ಯಾಸೆಟ್ ಸಿಡಿ ಗುಣಮಟ್ಟದ ವೇವ್ (ಧ್ವನಿಯನ್ನು ಕುಗ್ಗಿಸದೆ ಇಡುವ ಫೈಲು) ಆದರೆ 950 ಎಂಬಿ, 128 ಕೆಬಿಪಿಎಸ್ ಎಂಪಿ3 ಆದರೆ 86 ಎಂಬಿ ಅಷ್ಟೇ. ಭಾವ ಎಂಪಿ3 ಮಾಡಿದ ಮೇಲೂ ಕೆಲಸದ ಫೈಲು ಹಾಗೇ ಬಿಟ್ಟಿದ್ದರು. ಸುಲಿದ ಅಡಿಕೆಯ ಜತೆ ಸಿಪ್ಪೆಯನ್ನೂ ಮೂಟೆ ಕಟ್ಟಿದ ಹಾಗೆ.

ನಾನು ಹೇಳುವುದು ಇಷ್ಟು: ಜೋಪಾನಕ್ಕೆ ಫ್ಲ್ಯಾಕ್ (FLAC) ಅನ್ನುವ ಬಗೆಯ ಒಂದು ಫೈಲು, ಕೇಳಲಿಕ್ಕೆ ಒಂದು ಎಂಪಿ3. ಫ್ಲ್ಯಾಕ್‌ನಲ್ಲಿ ಧ್ವನಿ ಒಂಚೂರೂ ಹೋಗುವುದಿಲ್ಲ, ಜಾಗ ವೇವ್‌ನ ಅರ್ಧದ ಆಸುಪಾಸು. ಎರಡೂ ಸರಿಯಾಗಿ ಹಾಡುತ್ತವೆಯೇ ಕೇಳಿ ನೋಡಿ, ಆಮೇಲೆ ಕೆಲಸದ ಫೈಲ್ ಅಳಿಸಿ. ಬರೀ ಮಾತಾದರೆ ಮೊನೊ ಮಾಡಿ 64 ಕೆಬಿಪಿಎಸ್ ಸಾಕು. ಭಾಗವತರ ಪದ, ಚೆಂಡೆ ಕೇಳಬೇಕಾದರೆ 128ಕ್ಕಿಂತ ಕೆಳಗೆ ಇಳಿಯಬೇಡಿ. ಎಂಪಿ3ಯನ್ನು ವಾಪಸ್ ವೇವ್ ಮಾಡಿದರೆ ಹೋದ ಧ್ವನಿ ಬರುವುದಿಲ್ಲ, ಸುಮ್ನೆ ಜಾಗ ದಂಡ.

ಉಳಿದದ್ದನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿ. ಕಟ್ ಮಾಡಬೇಡಿ, ಕಾಪಿ ಮಾಡಿ. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೋ ದೇವರಿಗೇ ಗೊತ್ತು. ಎರಡೂ ಕಡೆ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ತಾಳೆ ಆದ ಮೇಲೆ ಹಳೆಯದನ್ನು ತೆಗೆಯಿರಿ. ಇನ್ನೊಂದು ಪ್ರತಿ ಶಿವಮೊಗ್ಗದ ತಂಗಿ ಮನೆಯಲ್ಲೋ ಎಲ್ಲೋ ಇರಲಿ. ಪೆನ್‌ಡ್ರೈವಿನಲ್ಲಿ ಜಾಗ ಇದ್ದೂ ದೊಡ್ಡ ವಿಡಿಯೊ ಹೋಗದಿದ್ದರೆ ಅದರಲ್ಲಿ ಫೈಲು ಜೋಡಿಸಿಡುವ ಕ್ರಮ ಫ್ಯಾಟ್32 (FAT32) ಇರಬೇಕು, 4 ಜಿಬಿ ಮೀರಿದ ಫೈಲನ್ನು ಅದು ಹಿಡಿಯುವುದಿಲ್ಲ. ಸ್ಪೀಕರಿಗೆ ಚುಚ್ಚುವ ಪೆನ್‌ಡ್ರೈವ್ ಆದರೆ ಹಾಗೇ ಬಿಡಿ, ಹಳೇ ಸ್ಪೀಕರುಗಳಿಗೆ ಅದೇ ಓದಲು ಬರುವುದು.

ಮಳೆಗಾಲದಲ್ಲಿ ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಹೊಗೆಯಟ್ಟ ಬೆಚ್ಚಗಿದೆ ಅಂತ ಅಲ್ಲಿಡಬೇಡಿ. ಅದು ಮುರುಗಲು ಸಿಪ್ಪೆಗೆ ಸರಿ.

ಕೊನೆಗೆ ಹೆಸರು. 'ಟ್ರ್ಯಾಕ್ 01' ಅಂತ ಬಿಟ್ಟಿದ್ದಕ್ಕೇ ಭಾವ ಒಂದೇ ಕ್ಯಾಸೆಟ್ಟನ್ನು ಎರಡೆರಡು ಸಲ ಇಳಿಸಿದ್ದರು. ಪ್ರಸಂಗ, ಊರು, ವರ್ಷ ಹಾಕಿ. ಧ್ವನಿ ಯಾರದ್ದು ಗೊತ್ತಾಗದಿದ್ದರೆ ಸುಲಿಯಲು ಕೂತ ಹಿರಿಯರನ್ನು ಕೇಳಿ. ಭಾವನ ಮನೆಯಲ್ಲಿ ಮೊನ್ನೆ ಹಾಗೆ ಕೇಳಿದ್ದಕ್ಕೆ, ಭಾಗವತರು ಯಾರು ಅಂತ ಅರ್ಧ ಗಂಟೆ ವಾದ ನಡೆಯಿತಂತೆ. ಆ ಫೈಲಿಗೆ ಇನ್ನೂ ಹೆಸರಿಲ್ಲ.