ಕಾಂಕ್ರೀಟ್ ಹಾಕುವ ಹಿಂದಿನ ದಿನ

ಸಾಗರದ ಕಡೆಯ ಒಂದು ವಿದ್ಯಾರ್ಥಿನಿಲಯದ ಕಾಮಗಾರಿಯನ್ನು ನಾನು ಗುತ್ತಿಗೆದಾರರ ಪರವಾಗಿ ಸೈಟ್ ಎಂಜಿನಿಯರ್ ಆಗಿ ವಹಿಸಿಕೊಂಡಾಗ, ನೆಲಮಹಡಿಯ ಮೇಲೆ ಇನ್ನೆರಡು ಮಹಡಿಗಳನ್ನು ಕಟ್ಟಿ, ಮೂರನೆಯ ತಾರಸಿಯ ಕಾಂಕ್ರೀಟನ್ನು ಜೂನ್ ಮೊದಲ ವಾರದ ಮಳೆಗೆ ಮುಂಚೆ ಮುಗಿಸಬೇಕಾಗಿತ್ತು. ಮಲೆನಾಡಿನಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲವಾದ್ದರಿಂದ ದಸರೆ ಕಳೆದು ಪಾಯ ತೆಗೆದ ಮೇಲೆ ನಮಗೆ ಸಿಕ್ಕುವುದು ಹೆಚ್ಚೆಂದರೆ ಏಳೂವರೆ ತಿಂಗಳು, ಅದರ ನಡುವೆಯೇ ಯುಗಾದಿ ಬರುತ್ತದೆ, ಯಾದಗಿರಿ ಮತ್ತು ರಾಯಚೂರಿನ ಕಡೆಯಿಂದ ಬಂದ ಕೆಲಸಗಾರರು ಊರಿಗೆ ಹೋದರೆ ಮರಳುವುದಕ್ಕೆ ಹದಿನೈದು ದಿನವಾದರೂ ಬೇಕು. ಈ ಲೆಕ್ಕವನ್ನೆಲ್ಲ ಹಾಕಿ ಕಂಪ್ಯೂಟರಿನಲ್ಲಿ ಒಂದು ಬಾರ್ ಚಾರ್ಟ್ ಮಾಡಿ ಕಚೇರಿಯ ಗೋಡೆಗೆ ಅಂಟಿಸಿದ್ದೆ.

ಆ ಚಾರ್ಟಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಪಟ್ಟಿಯಿತ್ತು. ಆದರೆ ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕೈಗೆ ಹೋಗುವ ಹೊತ್ತಿಗೆ ಜಾಗವೇ ಇರಲಿಲ್ಲ. ನಮಗಾದ ನಷ್ಟಗಳಲ್ಲಿ ದೊಡ್ಡವು ಆ ಹೊತ್ತಿನಲ್ಲೇ ಆದವು.

ಮೊದಲ ತಾರಸಿಯ ವಿಸ್ತೀರ್ಣ ಸುಮಾರು 400 ಚದರ ಮೀಟರ್. ತೊಲೆಗಳೂ ಸೇರಿ 80 ಘನ ಮೀಟರ್ ಕಾಂಕ್ರೀಟ್ ಬೇಕಾಗಿದ್ದುದರಿಂದ, ಎರಡು ಮಿಕ್ಸರ್‌ಗಳಿಂದ ಒಂದೇ ದಿನಕ್ಕೆ ಆಗುವ ಮಾತಲ್ಲವೆಂದು ಎರಡು ಭಾಗ ಮಾಡಿಕೊಂಡಿದ್ದೆವು. ಮೊದಲ ಭಾಗದ ಕಾಂಕ್ರೀಟ್ ಹಾಕಿದ ದಿನ ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹೊರುವ ಶೀಟು ಮತ್ತು ಆಸರೆ ಜಾಕಿಗಳ ತಾತ್ಕಾಲಿಕ ಕಟ್ಟು) ಅಲುಗಲಿಲ್ಲ, ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಎಂಬ ಅಳತೆ) ಹಿಡಿತದಲ್ಲಿತ್ತು, ಸಂಜೆ ಐದಕ್ಕೆ ಕೆಲಸ ಮುಗಿಯಿತು. ಆದರೆ ಶೀಟುಗಳನ್ನು ಬಿಚ್ಚಿದ ದಿನ ಕೆಳಗೆ ನಿಂತು ನೋಡಿದರೆ, ಶೌಚಾಲಯದ ಒಂದು ಸಾಲಿನಲ್ಲಿ ಪೈಪು ಇಳಿಯಬೇಕಾದ ಕಡೆ ಸ್ಲೀವ್ (ಪೈಪಿಗೆ ದಾರಿ ಬಿಡಲು ಕಾಂಕ್ರೀಟಿಗೆ ಮುಂಚೆಯೇ ಇಡುವ ಕೊಳವೆ) ಒಂದೂ ಇರಲಿಲ್ಲ. ಪ್ಲಂಬರ್ ಕೈಯಲ್ಲಿದ್ದುದು ಹಳೆಯ ನಕ್ಷೆ, ಕಂಬಿ ಕಟ್ಟುವವರ ಕೈಯಲ್ಲಿದ್ದುದು ತಿದ್ದಿದ ನಕ್ಷೆ. ಪ್ಲಂಬರ್ ಬಂದು ಹೋಗಿದ್ದಾನೆಂದು ಮೇಸ್ತ್ರಿ ತಿಳಿದಿದ್ದರು, ಮೇಸ್ತ್ರಿ ನೋಡಿರುತ್ತಾರೆಂದು ನಾನು ತಿಳಿದಿದ್ದೆ. ವಿನ್ಯಾಸ ಮಾಡಿದ ಎಂಜಿನಿಯರರ ಒಪ್ಪಿಗೆ ಪಡೆದು, ಶಿವಮೊಗ್ಗದಿಂದ ಕೋರ್ ಕಟಿಂಗ್ ಯಂತ್ರ ತರಿಸಿ ನಾಲ್ಕು ತೂತು ಕೊರೆಸಿದೆವು. ಒಂದು ತೂತಿನಲ್ಲಿ ಕಂಬಿಯೂ ತುಂಡಾಯಿತು. ಅದರ ಸುತ್ತಲಿನ ನೀರು ತಡೆಯುವ ಕೆಲಸವನ್ನು ಎರಡು ಸಲ ಮಾಡಿಸಬೇಕಾಯಿತು. ಹಣಕ್ಕಿಂತ ಹೆಚ್ಚಾಗಿ ನನಗೆ ನೋವಾದದ್ದು, ಅರ್ಧ ಗಂಟೆ ನಕ್ಷೆ ಹಿಡಿದು ಮೇಲೆ ನಡೆದಾಡಿದ್ದರೆ ಇಷ್ಟೂ ತಪ್ಪುತ್ತಿತ್ತು ಎಂಬುದಕ್ಕೆ.

ಅದೇ ತಾರಸಿಯ ಎರಡನೆಯ ಭಾಗದಲ್ಲಿ ಇನ್ನೊಂದು ಪಾಠವಾಯಿತು. ಕಾರಿಡಾರಿನ 1.2 ಮೀಟರ್ ಹೊರಚಾಚು ಅಲ್ಲಿತ್ತು. ಹೊರಚಾಚಿನಲ್ಲಿ ಭಾರವನ್ನು ತಡೆಯುವುದು ಮೇಲಿನ ಕಂಬಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಬಾಣಲೆ ಹೊತ್ತವರು ಸಾಲಾಗಿ ಓಡಾಡುತ್ತಿದ್ದ ಜಾಗದಲ್ಲಿ ಕಂಬಿಗಳು ಬಾಗಿದಂತೆ ಕಂಡು ಅಳತೆಪಟ್ಟಿ ಇಳಿಬಿಟ್ಟು ನೋಡಿದೆ. 125 ಮಿಲಿಮೀಟರ್ ದಪ್ಪದ ಸ್ಲ್ಯಾಬಿನಲ್ಲಿ ಮೇಲಿನಿಂದ 20 ಮಿಲಿಮೀಟರ್ ಆಳದಲ್ಲಿರಬೇಕಾದ ಕಂಬಿ 60 ಮಿಲಿಮೀಟರ್ ಆಳಕ್ಕೆ ಹೋಗಿತ್ತು, ಅಂದರೆ ಆ ಚಾಚಿನ ಶಕ್ತಿಯಲ್ಲಿ ಹತ್ತರಲ್ಲಿ ನಾಲ್ಕು ಪಾಲು ಕಾಂಕ್ರೀಟ್ ಬೀಳುವುದಕ್ಕೆ ಮುಂಚೆಯೇ ಹೋಗಿತ್ತು. ಕೆಲಸ ನಿಲ್ಲಿಸಿ, ಕಂಬಿಗಳನ್ನು ಎತ್ತಿ, ಕೆಳಗೆ ಅವುಗಳನ್ನು ಎತ್ತಿ ಹಿಡಿಯುವ ಇನ್ನಷ್ಟು ಚೇರ್‌ಗಳನ್ನು ಕೊಡಿಸುತ್ತಿದ್ದಾಗ ಯಾದಗಿರಿಯ ಹಿರಿಯ ಮೇಸ್ತ್ರಿ ಹತ್ತಿರ ಬಂದು, "ಸರ, ಮಂದಿ ಮ್ಯಾಲ ಓಡ್ಯಾಡಿದ್ರ ಕಂಬಿ ಕೆಳಗ ಹೋಗೇ ಹೋಗತೈತ್ರಿ. ಚೇರ್ ಎಷ್ಟ ಕೊಟ್ರೂ ಅಷ್ಟ. ಹಲಗಿ ಹಾಸ್ರಿ, ಹಲಗಿ ಮ್ಯಾಲ ನಡೀಲಿ," ಎಂದರು. ಅಂದಿನಿಂದ ಹಲಗೆಯ ದಾರಿಯಿಲ್ಲದೆ ನಾನು ಕಾಂಕ್ರೀಟ್ ಆರಂಭಿಸಲು ಬಿಟ್ಟಿಲ್ಲ. ಆ ದಾರಿ ಕಂಬಿಯ ಮೇಲೆ ಒರಗದೆ ತನ್ನದೇ ಕಾಲುಗಳ ಮೇಲೆ ನಿಂತಿರಬೇಕು. ಕಾಂಕ್ರೀಟ್ ಹಿಂದೆ ಸರಿದಂತೆ ಅದನ್ನೂ ಎತ್ತುತ್ತ ಬರಬೇಕು.

ಈ ಎರಡು ಘಟನೆಗಳ ಮೇಲೆ ಕಾಂಕ್ರೀಟ್ ಹಾಕುವ ಹಿಂದಿನ ದಿನವನ್ನು ನಾನು ಒಂದು ಪ್ರತ್ಯೇಕ ಕೆಲಸವೆಂದೇ ಚಾರ್ಟಿನಲ್ಲಿ ಬರೆದೆ. ಅಂದು ಬೇರೆ ಕೆಲಸ ಹಚ್ಚುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ಪ್ಲಂಬರ್, ಎಲೆಕ್ಟ್ರಿಷಿಯನ್, ಕಂಬಿ ಮೇಸ್ತ್ರಿ, ಸೆಂಟ್ರಿಂಗ್ ಮೇಸ್ತ್ರಿ ಮತ್ತು ನಾನು, ಐವರೂ ಒಂದೇ ನಕ್ಷೆ ಹಿಡಿದು ಮೇಲೆ ಹತ್ತಿ, ಪೂರ್ವದ ಮೂಲೆಯಿಂದ ಪಶ್ಚಿಮದ ಮೂಲೆಯವರೆಗೆ ಒಟ್ಟಿಗೆ ನಡೆಯಬೇಕು, ಅಲ್ಲೇ ನಿಂತು ಒಂದು ಹಾಳೆಗೆ ಸಹಿ ಹಾಕಬೇಕು. ಕಚೇರಿಯಲ್ಲಿ ಕುಳಿತು ಹಾಕಿದ ಸಹಿಯನ್ನು ಒಪ್ಪುವುದನ್ನು ಬಿಟ್ಟೆ. ಕವರ್ ಬ್ಲಾಕ್ (ಕಂಬಿ ಶೀಟಿಗೆ ತಾಗದಂತೆ ಕೆಳಗಿಡುವ ಸಣ್ಣ ಬಿಲ್ಲೆ), ಸ್ಲೀವ್, ಫ್ಯಾನಿನ ಪೆಟ್ಟಿಗೆ ಇವುಗಳೊಂದಿಗೆ ಕಂಬಿಯ ಅಳತೆಯೂ ಅಂದೇ ಅಳತೆ ಪುಸ್ತಕಕ್ಕೆ ಏರುತ್ತಿತ್ತು, ಏಕೆಂದರೆ ಕಾಂಕ್ರೀಟ್ ಬಿದ್ದ ಮೇಲೆ ಕಂಬಿಯನ್ನು ಯಾರೂ ಅಳೆಯಲಾರರು, ಬಿಲ್ಲಿನ ಜಗಳಗಳು ಹುಟ್ಟುವುದೂ ಹಾಗೆ ಮುಚ್ಚಿಹೋದ ಕೆಲಸದ ಮೇಲೆಯೇ.

ಸಾಮಗ್ರಿಯೂ ಅಂದೇ ಎದುರಿಗಿರಬೇಕು. ಒಂದು ಭಾಗದ 40 ಘನ ಮೀಟರಿಗೆ ನಮ್ಮ ಮಿಶ್ರಣದಲ್ಲಿ 260 ಚೀಲ ಸಿಮೆಂಟ್ ಬೇಕಾಗುತ್ತಿತ್ತು. ರಾತ್ರಿ ಲಾರಿ ಬರುತ್ತದೆಂಬ ಮಾತಿನ ಮೇಲೆ ಬೆಳಿಗ್ಗೆ ಕೆಲಸ ಹಚ್ಚಿದರೆ ನಡುಮಧ್ಯೆ ನಿಲ್ಲಿಸಬೇಕಾಗಿ ಬಂದು, ಬೇಡದ ಕಡೆ ಹಳೆಯ ಮತ್ತು ಹೊಸ ಕಾಂಕ್ರೀಟಿನ ನಡುವೆ ಜೋಡು ಉಳಿಯುತ್ತದೆ. ಹಸಿ ಕಾಂಕ್ರೀಟನ್ನು ಅಲುಗಿಸಿ ಒತ್ತಾಗಿ ಕೂರಿಸುವ ಎರಡು ವೈಬ್ರೇಟರ್‌ಗಳ ಜೊತೆಗೆ ಮೂರನೆಯದೊಂದು ಪಕ್ಕದಲ್ಲಿರಬೇಕು. ಕಾಂಕ್ರೀಟಿನ ಶಕ್ತಿ ಪರೀಕ್ಷಿಸಲು ತುಂಬುವ ಕ್ಯೂಬ್ ಅಚ್ಚುಗಳಿಗೂ ಲೆಕ್ಕವಿದೆ: ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ 31ರಿಂದ 50 ಘನ ಮೀಟರಿಗೆ ನಾಲ್ಕು ಮಾದರಿ, ಮಾದರಿಗೆ ಮೂರು ಕ್ಯೂಬ್, ಒಟ್ಟು ಹನ್ನೆರಡು. ಏಳು ದಿನದ ಪರೀಕ್ಷೆಗೆ ಬೇಕಾದವು ಬೇರೆ.

ಸೆಂಟ್ರಿಂಗ್ ವಿಷಯದಲ್ಲಿ ನಾನು ಮಾಡಿದ ಒಂದು ಬದಲಾವಣೆ ಇಡೀ ಕಾಮಗಾರಿಗೆ ಸಮಯ ಉಳಿಸಿಕೊಟ್ಟಿತು. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ ತೊಲೆಯಿಂದ ತೊಲೆಗೆ 4.5 ಮೀಟರಿನವರೆಗಿನ ಸ್ಲ್ಯಾಬಿನ ಜಾಕಿಗಳನ್ನು 7 ದಿನಕ್ಕೆ ತೆಗೆಯಬಹುದು, 6 ಮೀಟರ್ ಮೀರಿದ ತೊಲೆಗಳ ಕೆಳಗಿನವು 21 ದಿನ ನಿಲ್ಲಬೇಕು. ನಮ್ಮ ಊಟದ ಹಾಲಿನಲ್ಲಿ 7 ಮೀಟರಿನ ತೊಲೆಗಳಿದ್ದವು. ಮೊದಲ ತಾರಸಿಯಲ್ಲಿ ತೊಲೆಯ ತಳಹಲಗೆಯ ಮೇಲೆಯೇ ಸ್ಲ್ಯಾಬಿನ ಶೀಟುಗಳನ್ನು ಒರಗಿಸಿ ಕಟ್ಟಿದ್ದರಿಂದ, ತೊಲೆಗಾಗಿ ಇಡೀ ಅಂಕಣದ ಶೀಟುಗಳೂ ಮೂರು ವಾರ ಸಿಕ್ಕಿಹಾಕಿಕೊಂಡವು, ಮೇಲಿನ ಮಹಡಿಯವರು ಶೀಟಿಲ್ಲದೆ ಕುಳಿತರು. ಎರಡನೆಯ ತಾರಸಿಯಿಂದ ತೊಲೆಯ ತಳಹಲಗೆಗೆ ಬೇರೆಯೇ ಜಾಕಿಗಳ ಸಾಲು ಕೊಟ್ಟು, ಅದನ್ನು ಮುಟ್ಟದೆ ಸ್ಲ್ಯಾಬಿನ ಶೀಟುಗಳನ್ನು ಬಿಚ್ಚುವಂತೆ ಕಟ್ಟಿಸಿದೆವು. ಹಾರುಬೂದಿಯಂಥ ಪುಡಿ ಬೆರೆತು ನಿಧಾನವಾಗಿ ಬಲ ಪಡೆಯುವ ಪಿಪಿಸಿ ಸಿಮೆಂಟ್ ಬಳಸುತ್ತಿದ್ದುದರಿಂದ ಏಳು ದಿನವನ್ನು ಹತ್ತು ಮಾಡಿಕೊಂಡು, ಕ್ಯೂಬಿನ ಫಲಿತಾಂಶ ನೋಡಿಯೇ ಬಿಚ್ಚಿದೆವು. ಹೆಚ್ಚಿಗೆ ತಂದ ಜಾಕಿಗಳ ಬಾಡಿಗೆ, ಎರಡನೆಯ ಸೆಟ್ ಶೀಟುಗಳ ಬಾಡಿಗೆಯ ಮುಂದೆ ಅತ್ಯಲ್ಪವಾಗಿತ್ತು. ಕಾಮಗಾರಿಯ ವೇಗವನ್ನು ನಿರ್ಧರಿಸುವುದು ಆಳುಗಳ ಸಂಖ್ಯೆಯೆಂದು ಮಾಲೀಕರು ಸಾಮಾನ್ಯವಾಗಿ ನಂಬುತ್ತಾರೆ. ನಮ್ಮಲ್ಲಿ ಅದನ್ನು ನಿರ್ಧರಿಸಿದ್ದು ಶೀಟುಗಳ ತಿರುಗಾಟ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಲ್ಲ ಮೇಸ್ತ್ರಿಗಳೊಂದಿಗೆ ಕೂರುವುದನ್ನೂ ರೂಢಿ ಮಾಡಿದೆ. ಎಷ್ಟು ಕೆಲಸ ಆಯಿತೆಂಬುದು ದಿನಚರಿಯಲ್ಲೇ ಇರುತ್ತಿದ್ದುದರಿಂದ ಅದನ್ನು ಕೇಳುತ್ತಿರಲಿಲ್ಲ. ಮುಂದಿನ ಮೂರು ವಾರಗಳಲ್ಲಿ ನಿಮ್ಮ ಕೆಲಸ ಯಾವುದರಿಂದ ನಿಲ್ಲಬಹುದು ಎಂದಷ್ಟೇ ಕೇಳುತ್ತಿದ್ದೆ. ಯುಗಾದಿಗೆ ಯಾರು ಯಾವಾಗ ಹೊರಡುತ್ತಾರೆಂಬುದು ನನಗೆ ಫೆಬ್ರವರಿಯಲ್ಲೇ ತಿಳಿದದ್ದು ಈ ಪ್ರಶ್ನೆಯಿಂದ. ಅರ್ಧ ಜನ ಹಬ್ಬಕ್ಕೆ ಮುಂಚೆ, ಅರ್ಧ ಜನ ಹಬ್ಬ ಕಳೆದ ಮೇಲೆ ಹೋಗುವಂತೆ ಅವರೇ ಮಾತಾಡಿಕೊಂಡರು.

ಮೂರನೆಯ ತಾರಸಿಯ ಕೊನೆಯ ಭಾಗವನ್ನು ಮೇ 24ರಂದು ಹಾಕಿದೆವು. ಅಂದು ಸಂಜೆ ಪಶ್ಚಿಮದಲ್ಲಿ ಗುಡುಗಿದ್ದರಿಂದ ಟಾರ್ಪಾಲುಗಳನ್ನು ಹೊದಿಸಿ, ರಾತ್ರಿ ಹನ್ನೊಂದರವರೆಗೆ ಮೇಸ್ತ್ರಿಯವರೂ ನಾನೂ ಮೇಲೆಯೇ ಇದ್ದೆವು. ಕಟ್ಟಡವನ್ನು ಹಸ್ತಾಂತರಿಸುವಾಗ ಬೀಗದ ಕೈಗಳ ಜೊತೆಗೆ, ಕಾಂಕ್ರೀಟ್ ಬೀಳುವ ಮುಂಚೆ ಒಂದೊಂದು ಕೋಣೆಯ ಮೇಲೆ ನಿಂತು ತೆಗೆದ ಚಿತ್ರಗಳನ್ನು ಕೋಣೆಯ ಸಂಖ್ಯೆ ಬರೆದು ವಾರ್ಡನ್ನರಿಗೆ ಕೊಟ್ಟೆ. ಮರುವರ್ಷ ಸ್ನಾನದ ಮನೆಗೆ ಗೀಸರ್ ಹಾಕಲು ಬಂದ ಎಲೆಕ್ಟ್ರಿಷಿಯನ್ ನನಗೆ ಫೋನು ಮಾಡಿ, ಎರಡನೆಯ ಮಹಡಿಯ ಚಿತ್ರದಲ್ಲಿ ಕಾಣುವ ಪೈಪು ಕಿಟಕಿಯಿಂದ ಎಷ್ಟು ದೂರದಲ್ಲಿದೆ ಎಂದು ಕೇಳಿದ. ನಕ್ಷೆ ತೆಗೆದು ನೋಡಿ, 450 ಮಿಲಿಮೀಟರ್ ಎಂದು ಹೇಳಿದೆ.