ಮೇಳ ಕಟ್ಟುವ ಕಿವಿಯಿಂದ ಸಿಂಥಸೈಜರ್ ಶ್ರುತಿ ಮಾಡುವುದು

ನನ್ನ ತಂದೆ ಮೈಸೂರಿನಲ್ಲಿ ನಲವತ್ತು ವರ್ಷ ವೀಣೆಗಳಿಗೆ ಮೇಳ ಕಟ್ಟಿದವರು. ಮೇಣ ಮೆತ್ತಗಿರುವಾಗಲೇ ತಂತಿಯ ಕೆಳಗಿನ ಮೆಟ್ಟಿಲನ್ನು ಕೂದಲೆಳೆಯಷ್ಟು ಸರಿಸಿ, ತಂತಿ ಮೀಟಿ, ಕಣ್ಣು ಮುಚ್ಚಿ ಕೇಳಿ, ಮತ್ತೆ ಸರಿಸುವುದು ಅವರ ಕೆಲಸವಾಗಿತ್ತು. ನಾನು ನಾಟಕಗಳಿಗೂ ನೃತ್ಯಕ್ಕೂ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತೇನೆ. ಒಂದು ಸಂಜೆ ತಂಬೂರಿಯ ಧ್ವನಿಮುದ್ರಣ ಹಾಕಿಕೊಂಡು ಸಿಂಥಸೈಜರಿನಲ್ಲಿ ಮೋಹನ ರಾಗ ನುಡಿಸುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ಕೇಳಿ, "ಗಾಂಧಾರ ಕೂತಿಲ್ಲ, ಮೆಟ್ಟಿಲು ಇಷ್ಟು ಬಿರಡೆಯ ಕಡೆಗೆ ಬರಬೇಕು" ಎಂದು ಅರ್ಧ ಉಗುರಿನಷ್ಟು ಅಂತರವನ್ನು ಬೆರಳಿನಲ್ಲಿ ತೋರಿಸಿದರು. ಸಿಂಥಸೈಜರಿಗೆ ಮೆಟ್ಟಿಲು ಎಲ್ಲಿದೆ ಎಂದು ನಾನು ಹುಡುಕತೊಡಗಿದ್ದು ಆ ದಿನ. ಮೆಟ್ಟಿಲು ಇದೆ. ಅದನ್ನು ಸರಿಸುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ.

ಕೀಬೋರ್ಡಿನ ಸ್ವರಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದ ಸ್ವರಗಳು. ಒಂದೊಂದು ಭಾಗಕ್ಕೆ 100 ಸೆಂಟ್, ಸ್ಥಾಯಿಗೆ 1200. ಮೋಹನದ ಗಾಂಧಾರ, ಅಂದರೆ ಅಂತರ ಗಾಂಧಾರ, ಅಲ್ಲಿ 400 ಸೆಂಟಿಗೆ ಬೀಳುತ್ತದೆ. ತಂಬೂರಿಯ ಷಡ್ಜದ ತಂತಿಯೊಳಗಿನಿಂದ ತಾನಾಗಿ ಕೇಳಿಬರುವ ಗಾಂಧಾರ ಷಡ್ಜಕ್ಕೆ 5/4ರ ಅನುಪಾತದಲ್ಲಿದೆ, ಅಂದರೆ 386.31 ಸೆಂಟ್. ನಡುವಿನ ಹದಿನಾಲ್ಕು ಸೆಂಟೇ ಅಪ್ಪ ಉಗುರಿನಲ್ಲಿ ತೋರಿಸಿದ ಅಂತರ. ಪಂಚಮದಲ್ಲಿ ವ್ಯತ್ಯಾಸ ಎರಡು ಸೆಂಟ್ ಮಾತ್ರ. ಆದ್ದರಿಂದ ಪಂಚಮ ಯಾರನ್ನೂ ನೋಯಿಸುವುದಿಲ್ಲ, ಗಾಂಧಾರ ಎಲ್ಲರನ್ನೂ ನೋಯಿಸುತ್ತದೆ. ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟದ್ದರ ಹಿಂದೆ ಈ ನೋವೂ ಒಂದು ಕಾರಣ. ಹಾರ್ಮೋನಿಯಮ್ಮಿನ ಸ್ವರ ತಿದ್ದಲು ರೀಡು ಕೆರೆಯಬೇಕು. ನಮಗೆ ಒಂದು ಸಣ್ಣ ಕಡತ ಬರೆದರೆ ಸಾಕು.

ನಾನು ಬಳಸುವುದು ಸರ್ಜ್ ಎಕ್ಸ್‌ಟಿ. ಉಚಿತ, ಮುಕ್ತ ಸಿಂಥಸೈಜರ್ ತಂತ್ರಾಂಶ, ಧ್ವನಿಮುದ್ರಣದ ತಂತ್ರಾಂಶದೊಳಗೆ ಪ್ಲಗಿನ್ ಆಗಿ ತೆರೆದುಕೊಳ್ಳುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಶ್ರುತಿಯ ವಿಷಯದಲ್ಲಿ ಇದರಷ್ಟು ಕಾಳಜಿ ವಹಿಸಿದ ಉಚಿತ ಪ್ಲಗಿನ್ ಇನ್ನೊಂದನ್ನು ನಾನು ಕಂಡಿಲ್ಲ. ಹಳೆಯ ಯಮಾಹಾ ಡಿಎಕ್ಸ್ 7ರ ನಾದ ಬೇಕಾದವರಿಗೆ ಡೆಕ್ಸೆಡ್ ಇದೆ, ಅದೂ ಉಚಿತ, ಇದೇ ಕಡತಗಳನ್ನು ಓದುತ್ತದೆ. ವೈಟಲ್ ಕೂಡ ಓದುತ್ತದೆ. ಕೊಳ್ಳುವ ಶಕ್ತಿಯಿದ್ದರೆ ಪಿಯಾನೋಟೆಕ್ ಒಳ್ಳೆಯದು, ಆದರೆ ಅದರ ಅತಿ ಅಗ್ಗದ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ. ಕೊಳ್ಳುವ ಮುನ್ನ ನೋಡಿಕೊಳ್ಳಿ.

ಮೊದಲ ಕೆಲಸ ಕಡತ ಬರೆಯುವುದಲ್ಲ, ನಾದವನ್ನು ಬತ್ತಲೆ ಮಾಡುವುದು. ಸಿದ್ಧವಾಗಿ ಬರುವ ನಾದಗಳಲ್ಲಿ ಹೆಚ್ಚಿನವು ಒಂದೇ ಸ್ವರವನ್ನು ಎರಡು ಮೂರು ಪದರಗಳಲ್ಲಿ, ಒಂದಕ್ಕೊಂದು ಸ್ವಲ್ಪ ಅಪಶ್ರುತಿಯಾಗಿ ನುಡಿಸುತ್ತವೆ. ಕೇಳಲು ದಪ್ಪವಾಗಿ ಚೆನ್ನಾಗಿರುತ್ತದೆ, ಶ್ರುತಿ ಮಾತ್ರ ಮುಚ್ಚಿಹೋಗುತ್ತದೆ. ಸರ್ಜ್‌ನ ಟೆಂಪ್ಲೇಟುಗಳಲ್ಲಿ ಇನಿಟ್ ಸಾ ಎಂಬ ಸರಳ ನಾದವಿದೆ, ಅದನ್ನು ತೆರೆಯಿರಿ. ಯೂನಿಸನ್, ಅಂದರೆ ಪದರಗಳ ಸಂಖ್ಯೆ, ಒಂದಕ್ಕೆ ಇಳಿಸಿ. ಸ್ವರವನ್ನು ತಾನಾಗಿ ಅಲುಗಿಸುವ ಡ್ರಿಫ್ಟ್ ಸೊನ್ನೆ ಮಾಡಿ. ರಿವರ್ಬ್, ಕೋರಸ್ ಎಲ್ಲ ಆರಿಸಿ, ಫಿಲ್ಟರನ್ನು ಪೂರ್ತಿ ತೆರೆದಿಡಿ. ಸೈನ್ ಅಲೆಯ ನಾದ ಮೃದುವಾಗಿದೆ ಎಂದು ಅದನ್ನು ಆರಿಸಿಕೊಳ್ಳಬೇಡಿ. ಬೇರೆ ನಾದಗಳಲ್ಲಿರುವಂತೆ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಮೇಲಿನ ಸ್ವರಗಳು ಅದರೊಳಗಿಲ್ಲ, ತಪ್ಪು ಶ್ರುತಿಯೂ ಅದರಲ್ಲಿ ಸರಿಯಾಗಿಯೇ ಕೇಳುತ್ತದೆ.

ಈಗ ನಡು ಸ್ಥಾಯಿಯ ಡಿ ಮತ್ತು ಎಫ್ ಶಾರ್ಪ್ ಒಟ್ಟಿಗೆ ಒತ್ತಿ ಹಿಡಿಯಿರಿ. ಡಿ ನಮ್ಮ ಎರಡು ಮನೆ (ಮನೆ ಎಂದರೆ ಕೀಲಿ) ಶ್ರುತಿಯ ಷಡ್ಜ, ಎಫ್ ಶಾರ್ಪ್ ಅದರ ಅಂತರ ಗಾಂಧಾರ. ಒಳಗೊಂದು ತ್ವರಿತವಾದ ನಡುಕ ಕೇಳಿಸುತ್ತದೆ. ಅದು ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಬಹುದು. ಡಿ 293.66 ಹರ್ಟ್ಸ್, ಅದರ ಐದನೆಯ ಗುಣಕ 1468.3. ಎಫ್ ಶಾರ್ಪ್ 369.99, ಅದರ ನಾಲ್ಕನೆಯ ಗುಣಕ ಹೆಚ್ಚುಕಡಿಮೆ 1480. ಎರಡೂ ಒಂದೇ ಜಾಗದಲ್ಲಿ ಸೇರಬೇಕಿತ್ತು, ಸೇರಿಲ್ಲ. ಸೆಕೆಂಡಿಗೆ ಸುಮಾರು ಹನ್ನೆರಡು ಸಲ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಈ ನಡುಕವನ್ನು ಕಿವಿ ಗುರುತು ಹಿಡಿಯುವವರೆಗೆ ಮುಂದೆ ಹೋಗಬೇಡಿ. ಅಪ್ಪ ಶಿಷ್ಯರಿಗೆ ಮೇಣ ಮುಟ್ಟಲು ಕೊಡುವ ಮೊದಲು ಬರೀ ಕೇಳಿಸುತ್ತಿದ್ದರು.

ಇನ್ನು ಕಡತ. ಇದರ ನಮೂನೆಯ ಹೆಸರು ಸ್ಕಾಲಾ. ಮ್ಯಾನ್ಯುಯೆಲ್ ಆಪ್ ಡಿ ಕೌಲ್ ಅವರ ಅದೇ ಹೆಸರಿನ ತಂತ್ರಾಂಶದಿಂದ ಬಂದದ್ದು. ಕಡತದ ಹೆಸರಿನ ಕೊನೆಯಲ್ಲಿ ಎಸ್‌ಸಿಎಲ್ (.scl) ಎಂದಿರಬೇಕು. ನೋಟ್‌ಪ್ಯಾಡಿನಲ್ಲಿಯೇ ಬರೆಯಬಹುದು. ಮೊದಲ ಸಾಲು ವಿವರಣೆ, ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಸುರಕ್ಷಿತ. ಎರಡನೆಯ ಸಾಲಿನಲ್ಲಿ ಸ್ವರಗಳ ಸಂಖ್ಯೆ. ಆಮೇಲೆ ಸಾಲಿಗೊಂದು ಸ್ವರ. ನನ್ನ ಮೊದಲ ಕಡತದಲ್ಲಿ ವಿವರಣೆಯ ಕೆಳಗೆ ಇದ್ದದ್ದು ಇಷ್ಟು:

12
16/15
9/8
6/5
5/4
4/3
45/32
3/2
8/5
5/3
9/5
15/8
2/1

ಷಡ್ಜ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ. ಅದು 1/1, ಬರೆಯದೆಯೇ ಇದೆ. 12ರ ಕೆಳಗಿನ ಮೊದಲ ಸಾಲು ಶುದ್ಧ ರಿಷಭ, ಎರಡನೆಯದು ಚತುಶ್ರುತಿ ರಿಷಭ, ಹೀಗೆ ಏರುತ್ತಾ ಹನ್ನೆರಡನೆಯ ಸಾಲು ತಾರ ಷಡ್ಜ. ಷಡ್ಜವನ್ನೂ ಬರೆದರೆ ಎಲ್ಲ ಸ್ವರಗಳೂ ಒಂದೊಂದು ಮನೆ ಪಕ್ಕಕ್ಕೆ ಸರಿದುಬಿಡುತ್ತವೆ.

ಅನುಪಾತದ ಬದಲು ಸೆಂಟಿನಲ್ಲೂ ಬರೆಯಬಹುದು, ಆದರೆ ಚುಕ್ಕಿ ಇರಲೇಬೇಕು. 386.31 ಎಂದರೆ ಸೆಂಟ್. 386 ಎಂದು ಚುಕ್ಕಿಯಿಲ್ಲದೆ ಬರೆದರೆ ಅದು ಷಡ್ಜದ 386 ಪಟ್ಟು, ಎಂಟು ಸ್ಥಾಯಿಗಿಂತ ಮೇಲೆ. ನಾನು ಹೀಗೆ ಬರೆದು ಒಂದು ಇಡೀ ಮಧ್ಯಾಹ್ನ ಕೀಬೋರ್ಡಿನ ಕೇಬಲ್ ಬದಲಿಸುತ್ತಾ ಕುಳಿತಿದ್ದೆ. ಪೂರ್ಣ ಸಂಖ್ಯೆಯಾದರೆ 386.0 ಎಂದು ಬರೆಯಿರಿ.

ಕಡತ ಬರೆಯುವ ಮುನ್ನ ಕೇಳಿ ನೋಡಬೇಕೆಂದರೆ ಸೆವಿಶ್ ಎಂಬ ಸಂಗೀತಗಾರ ಮಾಡಿದ ಸ್ಕೇಲ್ ವರ್ಕ್‌ಶಾಪ್ ಇದೆ. ಬ್ರೌಸರಿನಲ್ಲಿ ತೆರೆದು, ಇದೇ ಅನುಪಾತಗಳನ್ನು ಹಾಕಿ, ಕಂಪ್ಯೂಟರಿನ ಕೀಲಿಗಳಲ್ಲಿಯೇ ನುಡಿಸಿ, ಒಪ್ಪಿಗೆಯಾದಾಗ ಕಡತವಾಗಿ ಇಳಿಸಿಕೊಳ್ಳಬಹುದು. ಹೊಸಬರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಎಸ್‌ಸಿಎಲ್ ಕಡತ ಸ್ವರಗಳ ನಡುವಿನ ದೂರವನ್ನು ಮಾತ್ರ ಹೇಳುತ್ತದೆ, ಷಡ್ಜ ಯಾವ ಮನೆಯಲ್ಲಿ ಎಂದು ಹೇಳುವುದಿಲ್ಲ. ಏನೂ ಹೇಳದಿದ್ದರೆ ಷಡ್ಜ ಸಿ ಮನೆಗೆ ಹೋಗಿ ಕೂರುತ್ತದೆ. ನೀವು ಡಿ ಮನೆಯಿಂದ ಮೋಹನ ನುಡಿಸಿದಿರೋ, ರಿಷಭವೂ ಪಂಚಮವೂ ಮೊದಲಿಗಿಂತ ಕೆಟ್ಟದಾಗಿ ಕೇಳುತ್ತವೆ. "ಶುದ್ಧ ಶ್ರುತಿ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ" ಎಂದು ಬಂದವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ. ಇದಕ್ಕೆ ಕೆಬಿಎಂ (.kbm) ಎಂಬ ಎರಡನೆಯ ಕಡತ ಬೇಕು. ನನ್ನದು ಹೀಗಿದೆ:

12
0
127
62
62
293.66
12

ಇದರ ಕೆಳಗೆ 0ಯಿಂದ 11ರವರೆಗೆ ಸಾಲಿಗೊಂದು ಸಂಖ್ಯೆ. ಮೊದಲ 12 ಎಂದರೆ ನಕ್ಷೆಯ ಉದ್ದ. 0 ಮತ್ತು 127 ಕೀಬೋರ್ಡಿನ ಮೊದಲ ಮತ್ತು ಕೊನೆಯ ಮನೆ. ಮುಂದಿನ 62 ಷಡ್ಜ ಕೂರುವ ಮನೆ. ನಡು ಸಿ 60 ಆದ್ದರಿಂದ ಡಿ 62. ಮತ್ತೊಂದು 62 ಯಾವ ಮನೆಯ ಕಂಪನಾಂಕ ಕೊಡುತ್ತಿದ್ದೇವೆ ಎಂಬುದು, 293.66 ಆ ಕಂಪನಾಂಕ. ಕೊನೆಯ 12, ಎಷ್ಟನೆಯ ಸ್ವರಕ್ಕೆ ಸ್ಥಾಯಿ ಮುಗಿಯುತ್ತದೆ ಎಂಬುದು.

ಕಂಪನಾಂಕದ ಸಾಲು ನನಗೆ ಬಹಳ ಪ್ರಿಯವಾದದ್ದು. ನಿಜವಾದ ತಂಬೂರಿ ನುಡಿಸುವವರು 293.66ಕ್ಕೆ ಕೂಡಿಸುವುದಿಲ್ಲ. ಅವತ್ತಿನ ಗಂಟಲಿಗೆ ತಕ್ಕಂತೆ ಕೂಡಿಸುತ್ತಾರೆ. ಮೊಬೈಲಿನ ಟ್ಯೂನರ್ 291.4 ತೋರಿಸಿದರೆ ಆ ಸಾಲಿನಲ್ಲಿ 291.4 ಎಂದು ಬರೆಯಿರಿ. ಸಿಂಥಸೈಜರ್ ತಂಬೂರಿಯ ಹಿಂದೆ ಹೋಗಬೇಕು, ತಂಬೂರಿ ಸಿಂಥಸೈಜರಿನ ಹಿಂದೆ ಹೋಗಬಾರದು.

ಕಡತಗಳನ್ನು ಹಾಕುವುದು ಸುಲಭ. ಸರ್ಜ್‌ನ ಮೆನುವಿನಲ್ಲಿ ಟ್ಯೂನಿಂಗ್ ಎಂಬಲ್ಲಿ ಎರಡನ್ನೂ ಒಂದೊಂದಾಗಿ ತೆರೆಯಿರಿ, ಅಥವಾ ಎಳೆದು ತಂದು ಕಿಟಕಿಯ ಮೇಲೆ ಬಿಡಿ. ಅಲ್ಲೇ ಟ್ಯೂನಿಂಗ್ ಎಡಿಟರ್ ತೆರೆದರೆ ಪ್ರತಿ ಮನೆಯ ಕಂಪನಾಂಕ ಕಾಣುತ್ತದೆ. ಈಗ ಮತ್ತೆ ಡಿ ಮತ್ತು ಎಫ್ ಶಾರ್ಪ್ ಒತ್ತಿ. ನಡುಕ ನಿಂತಿರಬೇಕು. ಗಾಂಧಾರ 367.08ಕ್ಕೆ ಇಳಿದು ಷಡ್ಜದೊಳಗೆ ಕರಗಿರಬೇಕು. ಮೊದಲ ಸಲ ಹೀಗೆ ಕೇಳಿದಾಗ ನಾನು ಹತ್ತು ನಿಮಿಷ ಬೇರೆ ಸ್ವರ ಮುಟ್ಟಲಿಲ್ಲ.

ಆಮೇಲೆ ರಿಷಭ ಮತ್ತು ಧೈವತ ಒಟ್ಟಿಗೆ ಒತ್ತಿ ನೋಡಿ. ಮೋಹನದಲ್ಲಿ ಇವೆರಡನ್ನೂ ಹಿನ್ನೆಲೆಗೆ ಹಿಡಿಯುವ ಆಸೆ ಸಹಜವಾಗಿ ಬರುತ್ತದೆ. ಒತ್ತಿದರೆ ಹೊಸ ಕಡತದಲ್ಲಿ ಅವು ಹಳೆಯದಕ್ಕಿಂತ ಒರಟಾಗಿ ಕೇಳುತ್ತವೆ. ತಪ್ಪು ನಿಮ್ಮದಲ್ಲ. 9/8ರಿಂದ 5/3ಕ್ಕೆ ಇರುವ ದೂರ 680 ಸೆಂಟ್. ಷಡ್ಜ ಪಂಚಮಗಳ ದೂರ 702. ಇಪ್ಪತ್ತೊಂದೂವರೆ ಸೆಂಟ್ ಕಡಿಮೆ ಬಿದ್ದಿದೆ. ರಿಷಭಕ್ಕೆ ಪಂಚಮವಾಗಿ ಕೂರುವ ಧೈವತ 27/16, 905.87 ಸೆಂಟ್. ಗಾಂಧಾರ ಮಧ್ಯಮಗಳ ಜೊತೆ ಹೊಂದುವುದು 5/3, 884.36 ಸೆಂಟ್. ಎರಡೂ ಸರಿ, ಒಂದೇ ಮನೆಯಲ್ಲಿ ಎರಡೂ ಕೂರವು.

ಇದನ್ನು ಅಪ್ಪನಿಗೆ ಕೇಳಿಸಿದೆ. ಅವರು ವೀಣೆ ತೆಗೆದುಕೊಂಡು ಪಂಚಮದ ತಂತಿಯಲ್ಲಿ ರಿಷಭದ ಮೆಟ್ಟಿಲು ಒತ್ತಿ ಮೀಟಿದರು. ಬಂದದ್ದು ಎತ್ತರದ ಧೈವತ. ಸಾರಣಿಯ, ಅಂದರೆ ಮೊದಲ ಷಡ್ಜದ ತಂತಿಯ, ಮೇಲೆ ಧೈವತದ್ದೇ ಮೆಟ್ಟಿಲು ಒತ್ತಿದರು, ತಗ್ಗಿದ ಧೈವತ. ಅವರ ವೀಣೆಯಲ್ಲಿ ಎರಡೂ ಇದ್ದವು, ಬೇರೆ ಬೇರೆ ತಂತಿಯ ಮೇಲೆ. ಅದರಂತೆಯೇ ನಾನು ಎರಡು ಕಡತ ಇಟ್ಟುಕೊಂಡೆ, ಒಂಬತ್ತನೆಯ ಸ್ವರ ಮಾತ್ರ ಬೇರೆ. ಧ್ವನಿಮುದ್ರಣದ ತಂತ್ರಾಂಶದಲ್ಲಿ ಎರಡು ಟ್ರ್ಯಾಕ್ ಮಾಡಿ, ಒಂದೊಂದರಲ್ಲಿ ಒಂದೊಂದು ಸರ್ಜ್ ತೆರೆದು, ಸಂಗೀತದ ಸಾಲು ನೋಡಿಕೊಂಡು ಸ್ವರ ಹಂಚುತ್ತೇನೆ.

ಇಪ್ಪತ್ತೆರಡು ಶ್ರುತಿಗಳನ್ನೂ ಒಂದೇ ಕಡತದಲ್ಲಿ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಆಗ ಒಂದು ಸ್ಥಾಯಿ ಇಪ್ಪತ್ತೆರಡು ಮನೆಗಳಷ್ಟು ಉದ್ದವಾಗುತ್ತದೆ, ಕರಿ ಬಿಳಿ ಮನೆಗಳ ಗುರುತು ಕೈಗೆ ಸಿಗುವುದಿಲ್ಲ. ಭರತನ ನಾಟ್ಯಶಾಸ್ತ್ರ ಇಪ್ಪತ್ತೆರಡು ಶ್ರುತಿಗಳನ್ನು ಹೇಳುತ್ತದೆ, ಅನುಪಾತಗಳನ್ನು ಹೇಳುವುದಿಲ್ಲ. ಅವು ನಂತರದವರು ಕೂಡಿಸಿದ್ದು. ರಾಗಕ್ಕೆ ಬೇಕಾದ ಐದೋ ಏಳೋ ಸ್ವರಗಳನ್ನು ಕಿವಿಯಿಂದ ಕೂರಿಸುವುದೇ ನನಗೆ ಹೆಚ್ಚು ಫಲ ಕೊಟ್ಟಿದೆ.

ಗಮಕದ ವಿಷಯದಲ್ಲಿ ಒಂದು ಎಚ್ಚರಿಕೆ. ತೋಡಿಯ ಗಾಂಧಾರವನ್ನು ಯಾವ ಸಂಖ್ಯೆಗೆ ಕೂರಿಸಿದರೂ ಅದು ತೋಡಿಯ ಗಾಂಧಾರವಾಗುವುದಿಲ್ಲ, ಏಕೆಂದರೆ ಅದು ನಿಲ್ಲುವ ಸ್ವರವಲ್ಲ. ಅಲ್ಲಿ ಪಿಚ್ ಬೆಂಡ್ ಚಕ್ರ ಹಿಡಿಯಬೇಕು, ತಂತಿ ಎಳೆದಂತೆ ಎಳೆಯಬೇಕು. ಕಡತಗಳು ಉಪಯೋಗಕ್ಕೆ ಬರುವುದು ಸ್ವರ ನಿಲ್ಲುವ ಜಾಗದಲ್ಲಿ: ಹಿನ್ನೆಲೆಯ ನಾದದಲ್ಲಿ, ಮೋಹನ ಹಂಸಧ್ವನಿಗಳ ದೀರ್ಘ ಗಾಂಧಾರದಲ್ಲಿ.

ಮೂರು ನಾಲ್ಕು ಪ್ಲಗಿನ್‌ಗಳು ಒಟ್ಟಿಗೆ ನುಡಿಯಬೇಕಾದಾಗ ಪ್ರತಿಯೊಂದಕ್ಕೂ ಕಡತ ಹಾಕುತ್ತಾ ಕೂರಬೇಕಿಲ್ಲ. ಆಡ್‌ಸೌಂಡ್ ಸಂಸ್ಥೆಯ ಎಂಟಿಎಸ್-ಇಎಸ್‌ಪಿ ಮಿನಿ ಉಚಿತ. ಅದರಲ್ಲಿ ಒಮ್ಮೆ ಕಡತ ಹಾಕಿದರೆ ಅದನ್ನು ಅರ್ಥ ಮಾಡಿಕೊಳ್ಳುವ ಸರ್ಜ್, ಡೆಕ್ಸೆಡ್ ಮುಂತಾದವು ತಾವಾಗಿ ಅದೇ ಶ್ರುತಿಗೆ ಬರುತ್ತವೆ. ಕಡತಗಳನ್ನು ಹಾಡಿನ ಫೋಲ್ಡರಿನಲ್ಲಿಯೇ ಇಡಿ, ಹೆಸರಿನಲ್ಲಿ ರಾಗ ಮತ್ತು ಷಡ್ಜ ಎರಡೂ ಇರಲಿ.

ಕಳೆದ ವರ್ಷ ನೃತ್ಯವೊಂದಕ್ಕೆ ಹಂಸಧ್ವನಿಯಲ್ಲಿ ಒಂದು ಭಾಗ ಮಾಡಿ ಅಪ್ಪನಿಗೆ ಕೇಳಿಸಿದೆ. ಗಾಂಧಾರಕ್ಕೆ ತಲೆದೂಗಿದರು. ತಾರ ಷಡ್ಜಕ್ಕೆ ಏರುವ ನಿಷಾದದ ಬಳಿ ತೋರುಬೆರಳನ್ನು ಸ್ವಲ್ಪ ಮೇಲೆತ್ತಿದರು. 15/8 ಅಂದರೆ 1088.27, ನಾನು 1090, 1094 ಎಂದು ಏರಿಸುತ್ತಾ ಹೋದೆ, ಅವರ ಬೆರಳು ಇಳಿದಾಗ ಪರದೆಯ ಮೇಲೆ 1097 ಇತ್ತು. ಆ ಕಡತದ ಹನ್ನೊಂದನೆಯ ಸ್ವರದ ಸಾಲಿನಲ್ಲಿ ಈಗಲೂ 1097.0 ಎಂದೇ ಇದೆ, ಚುಕ್ಕಿಯೊಂದಿಗೆ.